ಜಾಡಿಯ ಮೇಲಿನ ಚೀಟಿ

1931ರಲ್ಲಿ ಬಂದ ‘ಫ್ರಾಂಕೆನ್‌ಸ್ಟೈನ್’ ಸಿನಿಮಾದ ಆರಂಭದಲ್ಲೇ ಒಂದು ಪಾಠದ ದೃಶ್ಯವಿದೆ. ವೈದ್ಯಕೀಯ ಕಾಲೇಜಿನ ತರಗತಿಯಲ್ಲಿ ಡಾ. ವಾಲ್ಡ್‌ಮನ್ ಎಂಬ ವಯಸ್ಸಾದ ಪ್ರಾಧ್ಯಾಪಕರು ಎರಡು ಗಾಜಿನ ಜಾಡಿಗಳನ್ನು ತೋರಿಸುತ್ತಿದ್ದಾರೆ. ಒಂದರಲ್ಲಿ ಸಹಜವಾದ ಮಿದುಳು, ಇನ್ನೊಂದರಲ್ಲಿ ಅಪರಾಧಿಯೊಬ್ಬನ ಮಿದುಳು. ಎರಡನೆಯದರ ಮುಂಭಾಗದಲ್ಲಿ ಮಡಿಕೆಗಳು ಕಡಿಮೆ ಇವೆ, ನೋಡಿ, ಎನ್ನುತ್ತಾರೆ ಅವರು. ಈ ಮನುಷ್ಯನ ಬದುಕೆಲ್ಲ ಕ್ರೌರ್ಯ, ಹಿಂಸೆ, ಕೊಲೆಗಳಲ್ಲೇ ಕಳೆದದ್ದಕ್ಕೆ ಇದೇ ಸಾಕ್ಷಿ ಎಂಬುದು ಅವರ ಪಾಠದ ಸಾರ. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಫ್ರಾಂಕೆನ್‌ಸ್ಟೈನ್‌ನ ಸಹಾಯಕ ಫ್ರಿಟ್ಜ್ ಕಿಟಕಿಯಿಂದ ಒಳಗೆ ನುಗ್ಗುತ್ತಾನೆ. ಒಳ್ಳೆಯ ಮಿದುಳಿನ ಜಾಡಿಯನ್ನೇ ಎತ್ತಿಕೊಳ್ಳುತ್ತಾನೆ. ಎಲ್ಲೋ ಢಣ್ ಎಂದು ಸದ್ದಾಗಿ ಬೆಚ್ಚಿಬೀಳುತ್ತಾನೆ, ಜಾಡಿ ಕೈಜಾರಿ ಒಡೆಯುತ್ತದೆ. ಬರಿಗೈಯಲ್ಲಿ ಹೋಗಲಾರದೆ ಇನ್ನೊಂದನ್ನು ಎತ್ತಿಕೊಂಡು ಓಡುತ್ತಾನೆ. ಅದರ ಮೇಲಿನ ಚೀಟಿಯಲ್ಲಿ ‘ಅಸಹಜ ಮಿದುಳು’ ಎಂದು ಬರೆದಿದೆ.

ಎಂ.ಎ. ಓದುವಾಗ ಹಾಸ್ಟೆಲ್ಲಿನ ಕೋಣೆಯಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ ನಾನು ಈ ಸಿನಿಮಾ ಮೊದಲ ಸಲ ನೋಡಿದೆ. ಈ ದೃಶ್ಯ ಬಂದಾಗ ನಾವೆಲ್ಲ ನಕ್ಕಿದ್ದೆವು. ಅಂಗಡಿಯಲ್ಲಿ ಸಕ್ಕರೆಯ ಡಬ್ಬಿ ಒಡೆದುಹೋಗಿ ಉಪ್ಪಿನ ಡಬ್ಬಿ ತಂದ ಹುಡುಗನ ಕಥೆಯ ಹಾಗಿತ್ತು. ಆಮೇಲೆ ಮೇರಿ ಶೆಲ್ಲಿಯ ಕಾದಂಬರಿ ಓದಿದೆ. ಅದರಲ್ಲಿ ಈ ಜಾಡಿಯೇ ಇಲ್ಲ. ಫ್ರಿಟ್ಜ್ ಇಲ್ಲ, ಕಳ್ಳತನವಿಲ್ಲ, ಅಪರಾಧಿಯ ಮಿದುಳಿನ ಮಾತೇ ಇಲ್ಲ. ಹಾಗಾದರೆ ಇದು ಎಲ್ಲಿಂದ ಬಂತು ಎಂದು ಹುಡುಕತೊಡಗಿದೆ. ಸಿನಿಮಾದಿಂದ ಹೊರಟ ಹುಡುಕಾಟ ಆಸ್ಪತ್ರೆ, ನ್ಯಾಯಾಲಯಗಳನ್ನು ಹಾದು ಕೊನೆಗೆ ನಮ್ಮೂರಿನ ಕಡೆಗೇ ಬಂದು ನಿಂತಿತು.

ಕಾದಂಬರಿಯಿಂದಲೇ ಶುರುಮಾಡೋಣ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಕಥೆ ಹುಟ್ಟಿದಾಗ ಮೇರಿಗೆ 18 ವರ್ಷ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮವಾಗಿ ಆ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬರೀ ಮಳೆ, ಚಳಿ. ಹೊರಗೆ ಕಾಲಿಡಲಾಗದೆ ಕವಿ ಬೈರನ್ನನ ಮನೆಯಲ್ಲಿ ಸೇರಿದ್ದವರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿಕೊಂಡರು. ಆ ಕಾಲದ ವಿಜ್ಞಾನದ ಸುದ್ದಿಗಳೂ ಅವರ ಮಾತಿನಲ್ಲಿ ಸೇರಿದ್ದವು. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ತೋರಿಸಿದ್ದ. ಅವನ ಸೋದರಳಿಯ ಆಲ್ದೀನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಜಾರ್ಜ್ ಫಾರ್ಸ್ಟರ್ ಎಂಬವನ ಹೆಣಕ್ಕೆ ವಿದ್ಯುತ್ ಹರಿಸಿದಾಗ ದವಡೆ ಅದುರಿ ಒಂದು ಕಣ್ಣು ತೆರೆದುಕೊಂಡಿತ್ತು. ನೋಡುತ್ತಿದ್ದವರಲ್ಲಿ ಕೆಲವರು ಅವನು ಬದುಕಿಬಿಟ್ಟನೇನೋ ಎಂದು ಹೆದರಿದ್ದರು.

1818ರಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾದ ಆ ಕಾದಂಬರಿಯಲ್ಲಿ ಸೃಷ್ಟಿಯಾದ ಜೀವಿ ಹುಟ್ಟಿನಿಂದ ಕೆಟ್ಟದ್ದಲ್ಲ. ಅದರ ರೂಪಕ್ಕೆ ಹೇಸಿ ಸೃಷ್ಟಿಸಿದವನೇ ಓಡಿಹೋಗುತ್ತಾನೆ. ಅದು ಕಾಡಿನಲ್ಲಿ ಅಲೆಯುತ್ತದೆ, ಬಡ ಕುಟುಂಬವೊಂದರ ಮನೆಯ ಪಕ್ಕ ಅಡಗಿಕೊಂಡು ಅವರ ಮಾತು ಕೇಳುತ್ತಲೇ ಭಾಷೆ ಕಲಿಯುತ್ತದೆ. ಮಿಲ್ಟನ್, ಪ್ಲುಟಾರ್ಕ್, ಗಯಟೆಯರನ್ನು ಓದುತ್ತದೆ. ಆ ಮನೆಯವರಿಗೆ ಕದ್ದುಮುಚ್ಚಿ ಕಟ್ಟಿಗೆ ತಂದಿಡುತ್ತದೆ. ಕೊನೆಗೆ ಧೈರ್ಯ ಮಾಡಿ ಎದುರಿಗೆ ಹೋದಾಗ ದೊಣ್ಣೆಯ ಏಟು ಬೀಳುತ್ತದೆ. ಅದರ ಕ್ರೌರ್ಯ ಶುರುವಾಗುವುದು ಅಲ್ಲಿಂದ ಮುಂದೆ. ತನಗೆ ಯಾಕೆ ಹೀಗಾಯಿತು ಎಂಬುದನ್ನು ಆ ಜೀವಿ ತನ್ನ ಬಾಯಿಂದಲೇ ಪುಟಗಟ್ಟಲೆ ಹೇಳುತ್ತದೆ. ಕಾದಂಬರಿಯ ನಟ್ಟನಡುವಿನ ಭಾಗವೆಲ್ಲ ಅದರದೇ ಮಾತು.

ಮೊದಲು ಕಳೆದುಹೋದದ್ದು ಈ ಮಾತು. 1823ರಲ್ಲಿ ರಿಚರ್ಡ್ ಪೀಕ್ ಎಂಬವನು ಕಾದಂಬರಿಯನ್ನು ಲಂಡನ್ನಿನ ರಂಗಭೂಮಿಗೆ ತಂದ. ಮೇರಿ ಶೆಲ್ಲಿಯೇ ಹೋಗಿ ನೋಡಿದ್ದ ನಾಟಕ ಅದು. ಫ್ರಿಟ್ಜ್ ಎಂಬ ಸೇವಕ ಹುಟ್ಟಿದ್ದು ಅದರಲ್ಲಿ. ಅದರಲ್ಲಿ ಜೀವಿ ಮೂಕ. ಕೈಕಾಲು, ಮುಖಗಳ ಅಭಿನಯವಷ್ಟೇ ಅದರ ಪಾಲಿಗೆ. ನೂರೆಂಟು ವರ್ಷಗಳ ನಂತರ ಯೂನಿವರ್ಸಲ್ ಕಂಪನಿಯ ಸಿನಿಮಾದಲ್ಲೂ ಅದು ಮೂಕವಾಗಿಯೇ ಉಳಿಯಿತು. ಮಾತಿಲ್ಲದ ಜೀವಿ ಯಾಕೆ ಕೊಲ್ಲುತ್ತದೆ? ತಾನೇ ಹೇಳಲಾರದು. ಪ್ರೇಕ್ಷಕರಿಗೆ ಬೇರೆ ಯಾರಾದರೂ ಕಾರಣ ಹೇಳಬೇಕು. ಪ್ರಾಧ್ಯಾಪಕ ವಾಲ್ಡ್‌ಮನ್ ಮತ್ತು ಅವರ ಜಾಡಿಯ ಚೀಟಿ ಆ ಕೆಲಸ ಮಾಡಿದವು. ಮಾತು ಹೋದ ಜಾಗಕ್ಕೆ ಚೀಟಿ ಬಂತು.

ಚೀಟಿ ಸಿನಿಮಾದವರು ಕೂತಲ್ಲೇ ಕಲ್ಪಿಸಿಕೊಂಡದ್ದಲ್ಲ. ಅದರ ಹಿಂದೆ ನೂರು ವರ್ಷಗಳ ವಿಜ್ಞಾನವಿತ್ತು. ಆ ಕಾಲ ಅದನ್ನು ವಿಜ್ಞಾನವೆಂದೇ ಕರೆದಿತ್ತು. ಹದಿನೆಂಟನೇ ಶತಮಾನದ ಕೊನೆಗೆ ವಿಯೆನ್ನಾದ ವೈದ್ಯ ಗಾಲ್, ಮನುಷ್ಯನ ಒಂದೊಂದು ಗುಣಕ್ಕೂ ಮಿದುಳಿನಲ್ಲಿ ಒಂದೊಂದು ಜಾಗವಿದೆ, ಆ ಭಾಗ ಬೆಳೆದರೆ ತಲೆಬುರುಡೆ ಅಲ್ಲಿ ಉಬ್ಬುತ್ತದೆ ಎಂದ. ಬುರುಡೆ ತಡವಿ ಗುಣ ಹೇಳುವ ಈ ವಿದ್ಯೆ ಯುರೋಪಿನಲ್ಲೆಲ್ಲ ಹಬ್ಬಿತು. ಅದಕ್ಕೆ ಬುರುಡೆಗಳು ಬೇಕಾದವು. ನಮ್ಮ ದೇಶದಿಂದಲೂ ಹೋದವು. 1830ರ ದಶಕದಲ್ಲಿ ಮಧ್ಯ ಭಾರತದಲ್ಲಿ ಥಗ್ಗರೆಂದು ಗಲ್ಲಿಗೇರಿಸಿದವರ ಏಳು ತಲೆಗಳನ್ನು ಹೆನ್ರಿ ಸ್ಪ್ರೈ ಎಂಬ ಕಂಪನಿ ಸರ್ಕಾರದ ವೈದ್ಯ ಎಡಿನ್‌ಬರೋದ ಬುರುಡೆಶಾಸ್ತ್ರ ಸಂಘಕ್ಕೆ ಕಳಿಸಿಕೊಟ್ಟ. ಹಿಂಸೆಯ ಜಾಗ ಆ ಬುರುಡೆಗಳಲ್ಲಿ ಅಂದುಕೊಂಡಷ್ಟು ಎದ್ದು ಕಾಣಲಿಲ್ಲ. ಅದರಿಂದ ಸಿದ್ಧಾಂತಕ್ಕೇನೂ ತೊಂದರೆಯಾಗಲಿಲ್ಲ, ಬೇರೆ ವಿವರಣೆ ಹುಡುಕಿಕೊಂಡರು.

ಆಮೇಲೆ ಬಂದವನು ಇಟಲಿಯ ಚೆಜಾರೆ ಲೊಂಬ್ರೋಸೊ. ದಕ್ಷಿಣದ ಕಲಾಬ್ರಿಯಾದ ವಿಲ್ಲೆಲ್ಲಾ ಎಂಬ ಬಡವನ ಬುರುಡೆಯ ಹಿಂಭಾಗದಲ್ಲಿ ಒಂದು ಸಣ್ಣ ಕುಳಿ ಕಂಡದ್ದೇ ಅವನಿಗೆ ಸಾಕಾಯಿತು. ಅಪರಾಧಿ ಆಗುವುದಿಲ್ಲ, ಹುಟ್ಟುತ್ತಾನೆ. ಅವನು ಮನುಷ್ಯಕುಲದ ಹಿಂದಿನ ಮೆಟ್ಟಿಲಿನಲ್ಲೇ ಉಳಿದವನು ಎಂಬ ವಾದವನ್ನು 1876ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ವಿಲ್ಲೆಲ್ಲಾನ ಊರಿನವರು ಬುರುಡೆಯನ್ನು ಮರಳಿಸಿ, ಮಣ್ಣು ಮಾಡುತ್ತೇವೆ ಎಂದು ನಮ್ಮ ಕಾಲದಲ್ಲಿ ಕೋರ್ಟಿಗೆ ಹೋದರು. ಕೊನೆಗೆ ಅದು ಟ್ಯೂರಿನ್ನಿನ ಲೊಂಬ್ರೋಸೊ ಸಂಗ್ರಹಾಲಯದಲ್ಲೇ ಉಳಿಯಿತು.

ಬುರುಡೆಯಿಂದ ಮಿದುಳಿಗೆ ಬರುವುದು ಮುಂದಿನ ಹೆಜ್ಜೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮಿದುಳು ಕೂಡಿಡುವುದು ದೊಡ್ಡ ಹವ್ಯಾಸವೇ ಆಯಿತು. ಪ್ಯಾರಿಸ್ಸಿನಲ್ಲಿ ವಿದ್ವಾಂಸರು 1876ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಸದಸ್ಯನೊಬ್ಬ ಸತ್ತರೆ ಉಳಿದವರು ಅವನ ಮಿದುಳನ್ನು ಕೊಯ್ದು ನೋಡಬೇಕು ಎಂಬುದು ಅದರ ಒಪ್ಪಂದ. ಮೇಧಾವಿಯ ಮಿದುಳು ದೊಡ್ಡದಿರುತ್ತದೆ, ಕೊಲೆಗಾರನದು ಕುಂದಿರುತ್ತದೆ ಎಂದು ತೋರಿಸುವ ಆಸೆ ಎಲ್ಲರಿಗೂ. ತಕ್ಕಡಿ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ರಷ್ಯಾದ ಕಾದಂಬರಿಕಾರ ತುರ್ಗೆನೇವನ ಮಿದುಳು 2012 ಗ್ರಾಂ ತೂಗಿತು, ಎಲ್ಲರಿಗೂ ಖುಷಿಯಾಯಿತು. ನೊಬೆಲ್ ಪಡೆದ ಫ್ರೆಂಚ್ ಲೇಖಕ ಅನಾತೋಲ್ ಫ್ರಾನ್ಸ್‌ನದು ತೂಗಿದ್ದು 1017 ಗ್ರಾಂ, ಹೆಚ್ಚುಕಡಿಮೆ ಅರ್ಧ. 1871ರಲ್ಲಿ ಅಮೆರಿಕದಲ್ಲಿ ಗಲ್ಲಿಗೇರಿದ ಎಡ್ವರ್ಡ್ ರುಲಾಫ್ ಎಂಬ ಕೊಲೆಗಾರನ ಮಿದುಳು ಅಲ್ಲಿಯವರೆಗೆ ಅಳೆದವುಗಳಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಇಂದಿಗೂ ಅದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಯನ್ನು ಕೊಂದ ಜೋಲ್ಗೋಶ್‌ನ ಮಿದುಳನ್ನು ಸ್ಪಿಟ್ಜ್‌ಕಾ ಎಂಬ ಅಂಗರಚನಾ ತಜ್ಞ ಪರೀಕ್ಷಿಸಿದ. ಅಸಹಜವಾದದ್ದು ಏನೂ ಸಿಗಲಿಲ್ಲ.

ಇದೇ ಸ್ಪಿಟ್ಜ್‌ಕಾ 1907ರಲ್ಲಿ ಇನ್ನೊಂದು ಸಂಗತಿ ದಾಖಲಿಸಿದ. ಅಮೆರಿಕದ ಮಹಾಕವಿ ವಾಲ್ಟ್ ವಿಟ್ಮನ್ 1892ರಲ್ಲಿ ತೀರಿಕೊಂಡಾಗ ಅವನ ಮಿದುಳನ್ನು ಅಧ್ಯಯನಕ್ಕೆಂದು ತೆಗೆದಿಟ್ಟಿದ್ದರು. ಪ್ರಯೋಗಾಲಯದ ಸಹಾಯಕನೊಬ್ಬ ಅಜಾಗ್ರತೆಯಿಂದ ಆ ಜಾಡಿಯನ್ನು ನೆಲಕ್ಕೆ ಬೀಳಿಸಿದನಂತೆ, ಮಿದುಳು ಹಾಳಾಗಿ ಎಸೆಯಬೇಕಾಯಿತಂತೆ. ಫ್ರಿಟ್ಜ್‌ನ ಕೈಯಿಂದ ಜಾರುವ ಜಾಡಿಯನ್ನು ನೋಡುವಾಗ ಈಗ ನನಗೆ ವಿಟ್ಮನ್ನನ ನೆನಪಾಗುತ್ತದೆ.

ಇದಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಜರ್ಮನಿಯ ಗಟಿಂಗನ್ನಿನ ಕಥೆ. ಗಣಿತಜ್ಞ ಗೌಸ್ 1855ರಲ್ಲಿ ತೀರಿಕೊಂಡ. ಅವನ ಮಿದುಳನ್ನು ಅಲ್ಲಿಯ ವಿಶ್ವವಿದ್ಯಾಲಯದ ರುಡಾಲ್ಫ್ ವಾಗ್ನರ್ ಜಾಡಿಯಲ್ಲಿಟ್ಟು, ಅದರ ಚಿತ್ರಗಳನ್ನೂ ಬರೆಸಿದ. ಅದೇ ವರ್ಷ ಸತ್ತ ಫುಕ್ಸ್ ಎಂಬ ವೈದ್ಯನ ಮಿದುಳೂ ಅದೇ ಸಂಗ್ರಹ ಸೇರಿತು. ನೂರೈವತ್ತು ವರ್ಷ ಕಳೆದ ಮೇಲೆ ಗೌಸ್‌ನ ಮಿದುಳನ್ನು ಎಂಆರ್‌ಐ ಯಂತ್ರದಲ್ಲೂ ಇಟ್ಟು ಚಿತ್ರ ತೆಗೆದರು. 2013ರಲ್ಲಿ ರೆನಾಟೆ ಶ್ವೈಟ್ಸರ್ ಎಂಬ ಸಂಶೋಧಕಿ ಆ ಚಿತ್ರಗಳನ್ನು ವಾಗ್ನರ್ ಬರೆಸಿದ್ದ ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಹೊಂದಲಿಲ್ಲ. ಗೌಸ್ ಎಂದು ಬರೆದ ಜಾಡಿಯಲ್ಲಿದ್ದದ್ದು ಫುಕ್ಸ್‌ನ ಮಿದುಳು, ಫುಕ್ಸ್‌ನ ಜಾಡಿಯಲ್ಲಿದ್ದದ್ದು ಗೌಸ್‌ನದು. ಯಾವಾಗಲೋ ಅದಲುಬದಲಾಗಿತ್ತು. ಅಷ್ಟು ವರ್ಷ ಜಗತ್ತಿನ ಮಹಾ ಗಣಿತಜ್ಞನ ಮಿದುಳೆಂದು ನೋಡಿದವರ ಕಣ್ಣಿಗೆ ವ್ಯತ್ಯಾಸ ಹೊಳೆದಿರಲಿಲ್ಲ, ಯಾಕೆಂದರೆ ಅವರು ಓದಿದ್ದು ಚೀಟಿಯನ್ನು. ಪ್ರಾಧ್ಯಾಪಕ ವಾಲ್ಡ್‌ಮನ್ ಜಾಡಿಗಳನ್ನು ಅದಲುಬದಲು ಮಾಡಿಟ್ಟಿದ್ದರೆ ಅವರ ವಿದ್ಯಾರ್ಥಿಗಳು ಅದೇ ಪಾಠವನ್ನು ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ಇದು ವಿಜ್ಞಾನಿಗಳ ಭ್ರಮೆಯ ತಮಾಷೆ ಎಂದುಕೊಂಡು ಬಿಡಬಹುದಿತ್ತು. ಆದರೆ ಸಿನಿಮಾ ಬಂದ ಹೊತ್ತಿಗೆ ಚೀಟಿಗಳು ಜಾಡಿಗಳಿಂದ ಇಳಿದು ಬದುಕಿರುವ ಮನುಷ್ಯರ ಮೇಲೆ ಕೂತಿದ್ದವು. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾದಲ್ಲಿ 1909ರಿಂದಲೇ, ಮಾನಸಿಕವಾಗಿ ‘ಅಯೋಗ್ಯ’ರೆಂದು ಸರ್ಕಾರಿ ಸಂಸ್ಥೆಗಳು ಗುರುತಿಸಿದವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಲು ಕಾನೂನಿತ್ತು. ಆ ಒಂದೇ ರಾಜ್ಯದಲ್ಲಿ ಒಟ್ಟು ಸುಮಾರು 20,000 ಜನ ಇದಕ್ಕೆ ಒಳಗಾದರು. ವರ್ಜೀನಿಯಾದ ಕ್ಯಾರಿ ಬಕ್ ಎಂಬ ಬಡ ಹುಡುಗಿಯ ಮೊಕದ್ದಮೆ 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಸಾಕುಮನೆಯಲ್ಲಿ ಬೆಳೆದ ಅವಳು ಆ ಮನೆಯವರ ಸಂಬಂಧಿಕನಿಂದಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿದ್ದಳು. ಮನೆಯವರು ಅವಳನ್ನು ಮಂದಬುದ್ಧಿಯವಳೆಂದು ಸಂಸ್ಥೆಗೆ ಸೇರಿಸಿದರು. ಅವಳ ತಾಯಿಗೆ ಆಗಲೇ ಅದೇ ಚೀಟಿ ಅಂಟಿತ್ತು. ಕ್ಯಾರಿಯ ಮಗಳು ವಿವಿಯನ್ ಆರೇಳು ತಿಂಗಳ ಕೂಸಾಗಿದ್ದಾಗ ಒಬ್ಬ ಸಮಾಜಸೇವಕಿ ಬಂದು ನೋಡಿ, ಮಗುವಿನ ನೋಟ ಯಾಕೋ ಅಷ್ಟು ಸಹಜವಾಗಿಲ್ಲ ಎಂಬರ್ಥದ ಸಾಕ್ಷಿ ಹೇಳಿದ್ದಳು. ಕ್ಯಾರಿಯ ಪರ ನಿಂತ ವಕೀಲ ಒಬ್ಬನೇ ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಅವಳ ಮಾತನ್ನು ನ್ಯಾಯಾಲಯ ಕೇಳಲಿಲ್ಲ. ಎಂಟು ನ್ಯಾಯಮೂರ್ತಿಗಳು ಕಾನೂನಿನ ಪರ ನಿಂತರು, ವಿರೋಧಿಸಿದವರು ಒಬ್ಬರು. ಅದೇ ವರ್ಷ ಅವಳಿಗೆ ಶಸ್ತ್ರಚಿಕಿತ್ಸೆ ಮಾಡಿದರು.

‘ಸಹಜವಾಗಿಲ್ಲ’ ಎನಿಸಿಕೊಂಡ ಆ ಕೂಸು ವಿವಿಯನ್ ಶಾಲೆಗೆ ಹೋದಳು. 1931ರ ಏಪ್ರಿಲ್‌ನಲ್ಲಿ ಅವಳ ಹೆಸರು ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿತ್ತು. ಮರುವರ್ಷ ಎಂಟನೇ ವಯಸ್ಸಿಗೆ ಕಾಯಿಲೆಯಿಂದ ತೀರಿಕೊಂಡಳು. ‘ಅಸಹಜ ಮಿದುಳು’ ತೆರೆಗೆ ಬಂದದ್ದು ಅದೇ 1931ರ ನವೆಂಬರಿನಲ್ಲಿ.

ನಾನು ಹುಬ್ಬಳ್ಳಿ ಕಡೆಯವನು. ಅಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಪ್ರದೇಶವಿದೆ, ಗದಗ–ಬೆಟಗೇರಿಯಲ್ಲೂ ಇದೆ. ಚಿಕ್ಕವನಿದ್ದಾಗ ಅದು ಬರೀ ಒಂದು ಬಡಾವಣೆಯ ಹೆಸರು ಎಂದುಕೊಂಡಿದ್ದೆ. ಬ್ರಿಟಿಷ್ ಸರ್ಕಾರ 1871ರ ಕಾಯ್ದೆಯ ಮೂಲಕ ಕೆಲವು ಸಮುದಾಯಗಳನ್ನು ಇಡಿಯಾಗಿ ‘ಅಪರಾಧಿ ಬುಡಕಟ್ಟು’ಗಳೆಂದು ಘೋಷಿಸಿತ್ತು. ಆ ಜಾತಿಯಲ್ಲಿ ಹುಟ್ಟಿದರೆ ಸಾಕು, ಪೊಲೀಸರ ಪುಸ್ತಕದಲ್ಲಿ ಹೆಸರು, ದಿನವೂ ಹಾಜರಿ, ಊರು ಬಿಡಲು ಅಪ್ಪಣೆ ಬೇಕು. ಹಾಗೆ ಹಿಡಿದು ತಂದವರನ್ನು ಇಟ್ಟ ವಸತಿಗಳೇ ಸೆಟ್ಲ್‌ಮೆಂಟುಗಳು. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಹೈಸ್ಕೂಲಿನಲ್ಲಿ ಯಾರದೋ ಸೈಕಲ್ ಕಳೆದಾಗ ಎಲ್ಲರ ಕಣ್ಣು ಮೊದಲು ಆ ಬಡಾವಣೆಯ ಹುಡುಗನ ಕಡೆ ತಿರುಗಿದ್ದು ನನಗೆ ನೆನಪಿದೆ. ನಾನೂ ತಿರುಗಿದ್ದೆ. ಸೈಕಲ್ ಆಮೇಲೆ ಬೇರೆ ಕಡೆ ಸಿಕ್ಕಿತು. ಅವನಿಗೆ ನಾವು ಯಾರೂ ಏನೂ ಹೇಳಲಿಲ್ಲ.

ಇದನ್ನೆಲ್ಲ ತಿಳಿದುಕೊಂಡ ಮೇಲೆ ಸಿನಿಮಾವನ್ನು ಮತ್ತೆ ನೋಡಿದೆ. ಅದು ತನ್ನದೇ ಜಾಡಿಯನ್ನು ನಂಬುವುದಿಲ್ಲ ಎಂದು ಆಗ ಅನ್ನಿಸಿತು. ಕದ್ದದ್ದು ಅಪರಾಧಿಯ ಮಿದುಳು ಎಂದು ವಾಲ್ಡ್‌ಮನ್ ಹೇಳಿದಾಗ ಫ್ರಾಂಕೆನ್‌ಸ್ಟೈನ್ ಒಂದು ಕ್ಷಣ ಬೆಚ್ಚುತ್ತಾನೆ, ಆಮೇಲೆ ಅದು ಬರೀ ಸತ್ತ ಮಾಂಸದ ತುಂಡು ತಾನೆ ಎಂದು ತಳ್ಳಿಹಾಕುತ್ತಾನೆ. ನಿರ್ದೇಶಕ ಜೇಮ್ಸ್ ವೇಲ್ ಮುಂದಿನ ದೃಶ್ಯಗಳಲ್ಲಿ ತೋರಿಸುವುದೂ ಮಿದುಳಿನ ದೋಷವನ್ನಲ್ಲ. ಜೀವಿ ಮೊದಲು ಮಾಡುವ ಕೆಲಸ, ಛಾವಣಿಯ ಕಿಂಡಿ ತೆರೆದಾಗ ಬೀಳುವ ಬೆಳಕನ್ನು ಹಿಡಿಯಲು ಕೈ ಚಾಚುವುದು. ಕಿಂಡಿ ಮುಚ್ಚಿದಾಗ ಬೆಳಕು ಬೇಡುವವನಂತೆ ಆ ಕೈಗಳು ತೆರೆದೇ ಇರುತ್ತವೆ. ಆಗ ಫ್ರಿಟ್ಜ್ ಪಂಜು ಹಿಡಿದು ಬರುತ್ತಾನೆ, ಜೀವಿ ಬೆಂಕಿಗೆ ಹೆದರಿ ಚೀರುತ್ತದೆ. ಅದನ್ನು ಸರಪಳಿಯಲ್ಲಿ ಕಟ್ಟುತ್ತಾರೆ, ಚಾಟಿಯಲ್ಲಿ ಹೊಡೆಯುತ್ತಾರೆ. ಹಿಂಸಿಸಿದ ಫ್ರಿಟ್ಜ್ ಸಾಯುತ್ತಾನೆ; ತನ್ನನ್ನು ಕೊಯ್ಯಲು ಬಂದ ವಾಲ್ಡ್‌ಮನ್ ಸಾಯುತ್ತಾನೆ. ಪಾಠ ಹೇಳಿದ ಪ್ರಾಧ್ಯಾಪಕ ಕೊನೆಯವರೆಗೂ ಆ ಜೀವಿಯ ಮುಖ ನೋಡಲಿಲ್ಲ, ಮಿದುಳನ್ನೇ ನೋಡಿದ.

ಆ ಪಾತ್ರ ಮಾಡಿದವನು ಬೋರಿಸ್ ಕಾರ್ಲಾಫ್. ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಹುಟ್ಟಿದ್ದು ಲಂಡನ್ನಿನಲ್ಲಿ. ಅವನ ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಇಲಾಖೆಯಲ್ಲಿದ್ದವನು, ಮನೆತನದಲ್ಲಿ ಭಾರತೀಯ ರಕ್ತವೂ ಇತ್ತು. ಸಿನಿಮಾದ ಆರಂಭದ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಇದೆ. ಜಾಕ್ ಪಿಯರ್ಸ್ ಮಾಡಿದ ಮೇಕಪ್ಪಿನ ಚಪ್ಪಟೆ ತಲೆ, ಹಣೆಯ ಹೊಲಿಗೆ ಎಲ್ಲವೂ ಬುರುಡೆ ತೆರೆದು ಮಿದುಳು ಇಟ್ಟು ಮುಚ್ಚಿದ್ದಾರೆಂದು ಸಾರುತ್ತವೆ. ಅಂಥ ಭಾರದ ಮುಖವಾಡದ ಒಳಗಿನಿಂದ ಕಾರ್ಲಾಫ್ ಕಣ್ಣು, ಕೈಗಳಿಂದಷ್ಟೇ ಕಾದಂಬರಿಯಲ್ಲಿ ಕಳೆದುಹೋದ ಮಾತನ್ನು ಒಂದಿಷ್ಟು ಮರಳಿ ತಂದ.

ಪುಟ್ಟ ಮರಿಯಾಳ ದೃಶ್ಯ ಇದಕ್ಕೆ ಉದಾಹರಣೆ. ಕೆರೆಯ ದಡದಲ್ಲಿ ಆ ಹುಡುಗಿ ಹೆದರದೆ ಅವನ ಕೈ ಹಿಡಿದು ಆಟಕ್ಕೆ ಕರೆಯುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆಸೆದು ತೇಲಿಸುತ್ತಾರೆ. ಅವನು ನಗುತ್ತಾನೆ. ಹೂ ಮುಗಿದಾಗ ಮರಿಯಾಳನ್ನೂ ಹೂವಿನಂತೆ ತೇಲುತ್ತಾಳೆಂದು ಎತ್ತಿ ಎಸೆಯುತ್ತಾನೆ. ಅವಳು ತೇಲದಿದ್ದಾಗ ಗಾಬರಿಯಾಗಿ ಓಡುತ್ತಾನೆ. ಸೆನ್ಸಾರಿನವರಿಗೆ ಇದು ಕ್ರೂರವೆನಿಸಿ ಮಗುವನ್ನು ಎಸೆಯುವ ಭಾಗವನ್ನು ಕತ್ತರಿಸಿದರು. ದಶಕಗಟ್ಟಲೆ ಪ್ರೇಕ್ಷಕರು ಕಂಡದ್ದು ಇಷ್ಟು: ಅವನು ಹುಡುಗಿಯ ಕಡೆ ಕೈ ಚಾಚುತ್ತಾನೆ, ಮುಂದೆ ಅಪ್ಪ ಮಗಳ ಹೆಣ ಹೊತ್ತು ಊರೊಳಗೆ ಬರುತ್ತಾನೆ. ನಡುವೆ ಏನಾಯಿತೆಂದು ಊಹಿಸುವುದು ನೋಡುವವರಿಗೆ ಬಿಟ್ಟದ್ದು. ಆ ಊಹೆ ಜಾಡಿಯ ಚೀಟಿಯನ್ನೇ ನಿಜ ಮಾಡಿತು. 1980ರ ದಶಕದಲ್ಲಿ ಕತ್ತರಿಸಿದ ತುಣುಕು ಮರಳಿ ಸೇರಿದ ಮೇಲೆ, ಅದು ಕೊಲೆಯಲ್ಲ, ತಿಳಿಯದೆ ಆದ ಸಾವು ಎಂಬುದು ಜನರಿಗೆ ಕಂಡಿತು.

ಕಳೆದ ವರ್ಷ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋಗಿದ್ದೆ. ಕಪಾಟುಗಳ ತುಂಬ ಜಾಡಿಗಳು, ಜಾಡಿಗಳ ಮೇಲೆ ಚೀಟಿಗಳು. ಪಾರ್ಶ್ವವಾಯು, ಗೆಡ್ಡೆ, ಅಪಘಾತದ ಪೆಟ್ಟು ಹೀಗೆ ಕಾಯಿಲೆಗಳ, ಗಾಯಗಳ ಹೆಸರುಗಳು. ಇವೂ ಚೀಟಿಗಳೇ, ಆದರೆ ತಪ್ಪಿದ್ದರೆ ಕೊಯ್ದು ನೋಡಿ ತಿದ್ದಬಹುದಾದ ಚೀಟಿಗಳು. ಅಲ್ಲಿ ನೋಡಲು ಬಂದವರ ಕೈಗೆ ನಿಜವಾದ ಮಿದುಳನ್ನೂ ಕೊಡುತ್ತಾರೆ. ನಾನೂ ಕೈಗವಸು ಹಾಕಿಕೊಂಡು ಹಿಡಿದುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಇದು ಯಾರದಿರಬಹುದು, ಎಂಥ ಮನುಷ್ಯನಿರಬಹುದು ಎಂಬ ಪ್ರಶ್ನೆ ಬೇಡವೆಂದರೂ ಬಂತು. ತಿರುಗಿಸಿ ನೋಡಿದೆ. ಮಡಿಕೆಗಳಷ್ಟೇ ಕಂಡವು. ಪಕ್ಕದಲ್ಲಿ ನಿಂತಿದ್ದವರು ತಮ್ಮ ಸರದಿಗಾಗಿ ಕೈ ಚಾಚಿದರು, ಕೊಟ್ಟೆ.